ಸಾಲ ಒಪ್ಪಿಕೊಂಡರೂ ತೀರ್ಪಿಲ್ಲ: ಬೆವರ್‌ವೈಕ್‌ನ ಡಚ್ ವ್ಯಾಪಾರಿಗಳ ಲೆಕ್ಕ ಹೇಗೆ ಚುಕ್ತಾ ಆಗುತ್ತಿತ್ತು?

ಕಡತಪ್ರಿಯ (ಪ್ರಶ್ನೆ)

ನಾನು ವೃತ್ತಿಯಿಂದ ಲೆಕ್ಕಪರಿಶೋಧಕ. ಹಳೆಯ ನ್ಯಾಯಾಲಯದ ಕಡತ ಕೈಗೆ ಬಂದರೆ ಬೇರೆಯವರು ಕೊಲೆ, ವ್ಯಭಿಚಾರ, ಹೊಡೆದಾಟಗಳನ್ನು ಹುಡುಕುತ್ತಾರೆ. ನನ್ನ ಕಣ್ಣು ಮಾತ್ರ ಸಾಲದ ದಾವೆಗಳ ಮೇಲೆಯೇ ಹೋಗಿ ನಿಲ್ಲುತ್ತದೆ. ಈಚೆಗೆ ನ್ಯೂ ನೆದರ್‌ಲ್ಯಾಂಡ್ ವಸಾಹತಿನ ನಡಾವಳಿಗಳನ್ನು ಇಂಗ್ಲಿಷ್ ಅನುವಾದದಲ್ಲಿ ಓದುತ್ತಿದ್ದೇನೆ. ಗೊತ್ತಿಲ್ಲದವರಿಗೆ ಒಂದು ಮಾತು: ಇಂದಿನ ನ್ಯೂಯಾರ್ಕ್ ರಾಜ್ಯದ ಒಂದು ಭಾಗ 1664ರವರೆಗೆ ಡಚ್ ವೆಸ್ಟ್ ಇಂಡಿಯಾ ಕಂಪನಿಯ ಕೈಯಲ್ಲಿತ್ತು. ಹಡ್ಸನ್ ನದಿಯ ಮೇಲ್ಭಾಗದಲ್ಲಿ ಫೋರ್ಟ್ ಆರೆಂಜ್ ಎಂಬ ಕೋಟೆ ಇತ್ತು. ಅದರ ಮಗ್ಗುಲಲ್ಲೇ 1652ರಲ್ಲಿ ವಸಾಹತಿನ ಮುಖ್ಯಾಧಿಕಾರಿ ಪೀಟರ್ ಸ್ಟೈವೆಸಂಟ್ ಎಲ್ಲೆ ಗುರುತು ಮಾಡಿ ಸ್ಥಾಪಿಸಿದ ಬೆವರ್‌ವೈಕ್ ಎಂಬ ಊರೇ ಇಂದಿನ ಆಲ್ಬನಿ. ಊರಿನ ಹೆಸರಿನಲ್ಲೇ ಬೀವರ್ ಇದೆ; ಊರು ಬದುಕಿದ್ದೂ ಆ ಪ್ರಾಣಿಯ ಚರ್ಮದ ವ್ಯಾಪಾರದಿಂದಲೇ.

ನನ್ನ ಗೊಂದಲ ಇದು. ಫಿರ್ಯಾದಿ ಬಂದು ಇಂಥವನಿಂದ ಇಷ್ಟು ಗಿಲ್ಡರ್ (ಡಚ್ ಹಣ) ಬಾಕಿ ಬರಬೇಕು ಎನ್ನುತ್ತಾನೆ. ಪ್ರತಿವಾದಿ ಸಾಲ ಇರುವುದನ್ನು ಒಪ್ಪುತ್ತಾನೆ. ನಮ್ಮ ತಿಳಿವಳಿಕೆಯಂತೆ ಅಲ್ಲಿಗೆ ದಾವೆ ಮುಗಿಯಬೇಕು, ಡಿಕ್ರಿ ಆಗಬೇಕು. ಆದರೆ ಪ್ರತಿವಾದಿ ‘ನನಗೂ ಅವನಿಂದ ಬರಬೇಕಾದದ್ದಿದೆ’ ಎಂದು ಒಂದು ಮಾತು ಸೇರಿಸುತ್ತಾನೆ. ನ್ಯಾಯಾಧೀಶರು ಮೊತ್ತ ಎಷ್ಟೆಂದು ಕೇಳುವ ಗೋಜಿಗೂ ಹೋಗದೆ, ಇಬ್ಬರೂ ಕೂತು ಲೆಕ್ಕ ಮಾಡಿಕೊಳ್ಳಿ, ಹೊಂದಾಣಿಕೆ ಆಗದಿದ್ದರೆ ಮಧ್ಯಸ್ಥರನ್ನು ಇಟ್ಟುಕೊಳ್ಳಿ ಎಂದು ಹೇಳಿ ಕಳಿಸುತ್ತಾರೆ. ಒಮ್ಮೆ ಹೀಗಾದರೆ ಸರಿ, ಪುಟ ತಿರುವಿದಂತೆಲ್ಲ ಇದೇ. ಸಾಲ ಒಪ್ಪಿಕೊಂಡವನ ಮೇಲೂ ತೀರ್ಪು ಕೊಡದ ನ್ಯಾಯಾಲಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ಇದು ಸೋಮಾರಿತನವೋ, ಜಾಣತನವೋ?

ಇನ್ನೊಂದು ಸಂಗತಿಯೂ ಕಾಡುತ್ತಿದೆ. ಒಂದೇ ಊರಿನಲ್ಲಿ, ದಿನಾ ಮುಖ ನೋಡುವ ಜನರ ನಡುವೆ, ವರ್ಷಗಟ್ಟಲೆ ಹಳೆಯದಾದ ಉದ್ರಿ ಬಾಕಿಗಳು ಹಾಗೇ ಉಳಿದಿರುತ್ತವೆ. ಯಾರೂ ತಗಾದೆ ಮಾಡುವುದಿಲ್ಲ. ಒಬ್ಬ ಸತ್ತ ಕೂಡಲೇ ಎಲ್ಲರೂ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಹಾಗೆ ಸತ್ತವನ ಹೆಂಡತಿಯ ಗತಿ ಏನಾಗುತ್ತಿತ್ತು? ತಿಳಿದವರು ದಯವಿಟ್ಟು ವಿವರಿಸಿ. ‘ಆ ಕಾಲವೇ ಹಾಗಿತ್ತು’ ಎಂಬ ಉತ್ತರ ಬೇಡ. ಅದನ್ನು ನಾನೇ ನನಗೆ ಹೇಳಿಕೊಂಡು ನೋಡಿದ್ದೇನೆ, ಸಮಾಧಾನವಾಗಲಿಲ್ಲ.

ನದಿಯ ಮೇಲ್ದಂಡೆ (ಉತ್ತರ)

ಕಡತಪ್ರಿಯ ಅವರೇ, ನೀವು ಲೆಕ್ಕಪರಿಶೋಧಕರಾಗಿದ್ದೂ ಮೊತ್ತವನ್ನು ಹೇಳಿ ಅದರ ಪಕ್ಕದಲ್ಲಿರುವುದನ್ನು ಬಿಟ್ಟಿದ್ದೀರಿ. ಯಾವ ಗಿಲ್ಡರ್? ಇಡೀ ಪ್ರಶ್ನೆ ಅಲ್ಲಿದೆ.

ಆ ವಸಾಹತಿನಲ್ಲಿ ಬೆಳ್ಳಿ ನಾಣ್ಯ ಅಪರೂಪ. ಲೆಕ್ಕ ಬರೆಯುವುದು ಗಿಲ್ಡರ್‌ಗಳಲ್ಲಿ, 20 ಸ್ಟೈವರಿಗೆ ಒಂದು ಗಿಲ್ಡರ್. ಆದರೆ ಕೈಗೆ ಬರುವುದು ಬೀವರ್ ಚರ್ಮ, ಇಲ್ಲವೇ ಸೇವಾಂಟ್, ಇಲ್ಲವೇ ಗೋಧಿ, ಹಲಗೆ, ಕೆಲಸ. ಸೇವಾಂಟ್ ಎಂದರೆ ಕಡಲ ಚಿಪ್ಪಿನಿಂದ ಮಾಡಿದ ಮಣಿ. ಲಾಂಗ್ ಐಲ್ಯಾಂಡ್ ಕರಾವಳಿಯ ಮೂಲನಿವಾಸಿಗಳು ಅದನ್ನು ಮಾಡುತ್ತಿದ್ದರು. ಇಂಗ್ಲಿಷರು ವಾಂಪಮ್ ಎನ್ನುತ್ತಿದ್ದದ್ದು ಇದನ್ನೇ. ಬಿಳಿ ಮಣಿ ಅಗ್ಗ, ಕಪ್ಪು ಮಣಿಗೆ ಇಮ್ಮಡಿ ಬೆಲೆ. 1650ರ ಆಜ್ಞೆಯ ಪ್ರಕಾರ ಚೆನ್ನಾಗಿ ಪೋಣಿಸಿದ ಆರು ಬಿಳಿ ಅಥವಾ ಮೂರು ಕಪ್ಪು ಮಣಿಗೆ ಒಂದು ಸ್ಟೈವರ್. ಆ ದಶಕ ಮುಗಿಯುವುದರೊಳಗೆ ಎಂಟು ಬಿಳಿ, ನಾಲ್ಕು ಕಪ್ಪು ಆಯಿತು. ತೂತಿಲ್ಲದ್ದು, ಒಡೆದದ್ದು, ಕೊನೆಗೆ ಮೂಳೆ, ಗಾಜು, ಮರದಿಂದ ಮಾಡಿದ್ದು ಕೂಡ ಚಲಾವಣೆಗೆ ಬಂತು ಎಂದು ಸರ್ಕಾರ ಮತ್ತೆ ಮತ್ತೆ ಗೋಳಾಡಿದೆ. ಬೀವರ್ ಚರ್ಮ ಹೀಗಲ್ಲ. ಒಳ್ಳೆಯ, ಪೂರ್ತಿಯಾದ, ವ್ಯಾಪಾರಕ್ಕೆ ಯೋಗ್ಯವಾದ ಒಂದು ಚರ್ಮಕ್ಕೆ ಎಂಟು ಗಿಲ್ಡರ್ ಎಂಬುದು ಲೆಕ್ಕದಲ್ಲಿ ಬಹುಕಾಲ ನಿಂತ ದರ. ಸಾಲಪತ್ರಗಳಲ್ಲಿ ‘ಪೂರ್ತಿಯಾದ’ ಎಂದು ಬರೆಸುತ್ತಿದ್ದುದಕ್ಕೂ ಕಾರಣವಿತ್ತು. ಅರ್ಧ ಬೀವರ್, ಮೂರರಲ್ಲೊಂದು ಬೀವರ್ ಎಂದು ಕೀಳು ದರ್ಜೆಯ ಚರ್ಮಗಳನ್ನು ತಂದು ತಳ್ಳುವವರಿಗೆ ಬರವಿರಲಿಲ್ಲ.

ಈ ಮೂರು ಬಗೆಯ ಗಿಲ್ಡರ್‌ಗಳ ನಡುವಿನ ಅಂತರವನ್ನು ಸ್ಟೈವೆಸಂಟ್ ಸರ್ಕಾರ ಬಿಚ್ಚುಮಾತಿನಲ್ಲೇ ಒಪ್ಪಿಕೊಂಡಿದೆ. 1658ರ ಬೆಲೆ ನಿಗದಿ ಆಜ್ಞೆಯನ್ನು ನೋಡಿ. ಒಂದು ಪೀಪಾಯಿ ಗಟ್ಟಿ ಬಿಯರಿಗೆ ಬೆಳ್ಳಿಯಲ್ಲಾದರೆ 10 ಗಿಲ್ಡರ್, ಬೀವರ್‌ನಲ್ಲಾದರೆ 15, ಸೇವಾಂಟ್‌ನಲ್ಲಾದರೆ 22. ಪೀಪಾಯಿ ಅದೇ, ಬಿಯರೂ ಅದೇ.

ಈಗ ಒಂದು ಕಲ್ಪಿತ ಲೆಕ್ಕ ಹಾಕೋಣ. ಒಬ್ಬ ವ್ಯಾಪಾರಿ ಒಬ್ಬ ಬಿಯರ್ ತಯಾರಕನಿಗೆ ಒರಟು ಉಣ್ಣೆ ಬಟ್ಟೆ, ಬಾಣಲೆ, ಮೊಳೆ ಇತ್ಯಾದಿ ಕೊಟ್ಟಿದ್ದಾನೆ: ಬೀವರ್‌ನಲ್ಲಿ 96 ಗಿಲ್ಡರ್, ಅಂದರೆ 12 ಚರ್ಮ. ತಯಾರಕ ವ್ಯಾಪಾರಿಯ ಮನೆಗೆ ನಾಲ್ಕು ಪೀಪಾಯಿ ಬಿಯರ್ ಕಳಿಸಿದ್ದಾನೆ. ವ್ಯಾಪಾರಿಯ ಪುಸ್ತಕದಲ್ಲಿ ಆ ಬಿಯರ್ ಬೀವರ್ ದರದಲ್ಲಿ ಜಮೆಯಾಗಿದೆ: 60 ಗಿಲ್ಡರ್. ತಯಾರಕನ ಚೀಟಿಯಲ್ಲಿ ಅದೇ ಬಿಯರ್ ಸೇವಾಂಟ್ ದರದಲ್ಲಿದೆ: 88 ಗಿಲ್ಡರ್. ವ್ಯಾಪಾರಿಯ ಪ್ರಕಾರ ಬಾಕಿ 36 ಗಿಲ್ಡರ್, ನಾಲ್ಕೂವರೆ ಚರ್ಮ. ತಯಾರಕ 96ರಲ್ಲಿ 88 ಕಳೆದು ‘ಎಂಟೇ ಗಿಲ್ಡರ್, ಒಂದೇ ಚರ್ಮ, ತಗೋ’ ಎನ್ನುತ್ತಾನೆ. ಇಬ್ಬರೂ ಸಾಲವನ್ನು ಒಪ್ಪಿದ್ದಾರೆ. ಇಬ್ಬರ ಕೂಡಿಸುವಿಕೆ, ಕಳೆಯುವಿಕೆಯೂ ಸರಿಯಾಗಿಯೇ ಇದೆ. ಯಾವ ಮೊತ್ತಕ್ಕೆ ಡಿಕ್ರಿ ಕೊಡುತ್ತೀರಿ ಹೇಳಿ.

ಹಾಗಾಗಿ ನಿಮ್ಮ ಪ್ರತಿವಾದಿ ಒಪ್ಪಿಕೊಂಡದ್ದು ಮೊತ್ತವನ್ನಲ್ಲ. ನಮ್ಮಿಬ್ಬರ ನಡುವೆ ಖಾತೆ ಇದೆ ಎಂಬುದನ್ನಷ್ಟೇ. ಖಾತೆ ಬೇರೆ, ಸಾಲ ಬೇರೆ. ಇಬ್ಬರೂ ಎದುರು ಬದುರು ಕೂತು, ತಮ್ಮ ತಮ್ಮ ಪುಸ್ತಕದಿಂದ ಒಂದೊಂದೇ ಬಾಬನ್ನು ಓದಿ, ಇದು ಬೀವರ್‌ನಲ್ಲಿ, ಇದು ಸೇವಾಂಟ್‌ನಲ್ಲಿ ಎಂದು ತೀರ್ಮಾನಿಸಿ, ತಾಳೆ ನೋಡಿ, ಕೊನೆಗೆ ಉಳಿದ ಬಾಕಿಗೆ ರುಜು ಹಾಕಿದ ಮೇಲೆ ಅದು ಸಾಲವಾಗುತ್ತದೆ. ರುಜು ಬಿದ್ದ ಆ ಚೀಟಿಯನ್ನು ಹಿಡಿದು ನ್ಯಾಯಾಲಯಕ್ಕೆ ಬಂದವನಿಗೆ ತೀರ್ಪು ಬೇಗ ಸಿಗುತ್ತಿತ್ತು. ಅದಿಲ್ಲದೆ ಬಂದವನನ್ನು ಅದನ್ನು ಮಾಡಿಕೊಂಡು ಬಾ ಎಂದು ಕಳಿಸುತ್ತಿದ್ದರು. ನೀವು ಕೇಳಿದ ಎರಡರಲ್ಲಿ ನನ್ನ ಮತ ಜಾಣತನಕ್ಕೆ. ಆ ಪೀಠದಲ್ಲಿ ಕೂರುತ್ತಿದ್ದವರೂ ಇದೇ ಊರಿನ ವ್ಯಾಪಾರಿಗಳು; ಅವರ ಮನೆಯಲ್ಲೂ ಇಂಥ ಹತ್ತಾರು ಖಾತೆಗಳು ತೆರೆದು ಬಿದ್ದಿದ್ದವು.

ಎಲ್ಲರ ಬಳಿಯೂ ಪುಸ್ತಕ ಇರುತ್ತಿತ್ತೆಂದು ತಿಳಿಯಬೇಡಿ. ದೊಡ್ಡ ವ್ಯಾಪಾರಿ ಕಚ್ಚಾ ಪುಸ್ತಕ, ರೋಜು ಕೀರ್ದಿ, ಖಾತೆವಹಿ ಎಂದು ಮೂರು ಮೆಟ್ಟಿಲಲ್ಲಿ ಬರೆಯುತ್ತಿದ್ದ, ಏಕೆಂದರೆ ಅವನ ಮೇಲೆ ಆಮ್‌ಸ್ಟರ್‌ಡ್ಯಾಮ್‌ನ ಧಣಿ ಇದ್ದ. ಗೋವರ್ಟ್ ಲೋಕರ್‌ಮನ್ಸ್ ಎಂಬ ವ್ಯಾಪಾರಿ ವರ್ಬ್ರುಗ್ಗೆ ಎಂಬ ಆಮ್‌ಸ್ಟರ್‌ಡ್ಯಾಮ್ ಸಂಸ್ಥೆಯ ಪ್ರತಿನಿಧಿಯಾಗಿದ್ದವರು; ಅಂಥವರು ಹಡಗಿನಲ್ಲಿ ಬಂದ ಸರಕಿಗೆ ಲೆಕ್ಕ ಒಪ್ಪಿಸಲೇಬೇಕಿತ್ತು. ರೈತ, ಬಡಗಿ, ಕಮ್ಮಾರರ ಕಡೆ ಒಂದು ಚೀಟಿ, ಗೋಡೆಯ ಮೇಲಿನ ಗುರುತು, ಇಲ್ಲವೇ ನೆನಪು. ಪುಸ್ತಕ ಇರುವವನಿಗೆ ನ್ಯಾಯಾಲಯದಲ್ಲೂ ಮೇಲುಗೈ. ಹಾಲೆಂಡಿನ ಕಾನೂನಿನಲ್ಲಿ ವ್ಯಾಪಾರಿಯ ಪುಸ್ತಕ ಅರ್ಧ ಸಾಕ್ಷ್ಯ. ಅದರ ಮೇಲೆ ಪ್ರಮಾಣ ಮಾಡಿದರೆ ಉಳಿದರ್ಧ ತುಂಬುತ್ತಿತ್ತು.

ವರ್ಷಗಟ್ಟಲೆ ತಗಾದೆ ಇಲ್ಲದ್ದಕ್ಕೆ ಮೊದಲ ಕಾರಣ ಋತು. ಬೆವರ್‌ವೈಕ್‌ನ ವ್ಯಾಪಾರದ ಕಾಲ ಮೇ 1ರಿಂದ ನವೆಂಬರ್ 1ರವರೆಗೆ. ಮೊಹಾಕ್ ಮತ್ತಿತರ ಮೂಲನಿವಾಸಿಗಳು ಚರ್ಮ ಹೊತ್ತು ತರುತ್ತಿದ್ದದ್ದು ಮುಖ್ಯವಾಗಿ ಜೂನ್‌ನಿಂದ ಆಗಸ್ಟ್‌ವರೆಗೆ. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟುತ್ತದೆ, ಹಡಗಿಲ್ಲ, ಚರ್ಮವೂ ಇಲ್ಲ. ಜನವರಿಯಲ್ಲಿ ಕೊರಳಪಟ್ಟಿ ಹಿಡಿದರೂ ಬರುವುದೇನು? ಆದ್ದರಿಂದ ಮನೆ ಕೊಂಡರೂ ‘ಬರುವ ಋತುವಿನಲ್ಲಿ ಅರ್ಧ, ಅದರಾಚೆಯದರಲ್ಲಿ ಅರ್ಧ’ ಎಂಬಂಥ ಮುದ್ದತು. ಎರಡನೆಯದು ನನ್ನ ಸ್ವಂತ ಅಭಿಪ್ರಾಯ. ಅಷ್ಟು ಚಿಕ್ಕ ಊರಿನಲ್ಲಿ ಖಾತೆ ಮುಚ್ಚುವುದೆಂದರೆ ಇನ್ನು ನಿನ್ನ ಸಹವಾಸ ಬೇಡ ಎಂದ ಹಾಗೆ. ಬಿಯರ್ ತಯಾರಕನ ಹತ್ತಿರ ಮುಂದಿನ ವಾರವೂ ಬಿಯರ್ ಬೇಕಲ್ಲ!

ಇನ್ನೊಂದು ದಾರಿಯನ್ನೂ ಗಮನಿಸಿ, ನಿಮ್ಮ ಕಡತಗಳಲ್ಲಿ ಬೇಕಾದಷ್ಟಿದೆ. ನನಗೆ ನೀನು ಕೊಡಬೇಕು, ನಾನು ಇನ್ನೊಬ್ಬನಿಗೆ ಕೊಡಬೇಕು. ನೀನು ನೇರವಾಗಿ ಅವನಿಗೇ ಕೊಟ್ಟುಬಿಡು. ಮೂರು ಪುಸ್ತಕಗಳಲ್ಲಿ ಮೂರು ಗೆರೆ ಬಿತ್ತು, ಒಂದೇ ಒಂದು ಚರ್ಮವೂ ಕೈ ಬದಲಿಸಲಿಲ್ಲ. ಹಾಗೆ ಕೊಡಬೇಕಾದವನು ‘ನಾನು ಅವನಿಗೆ ಕೊಡುತ್ತೇನೆಂದು ಒಪ್ಪಿಯೇ ಇರಲಿಲ್ಲ’ ಎಂದಾಗ ಮಾತ್ರ ನಮಗೆ ಓದಲು ಒಂದು ದಾವೆ ಸಿಗುತ್ತದೆ.

ಕರಿಕೋಟಿನಾಕೆ (ಉತ್ತರ)

ಸತ್ತವನ ಹೆಂಡತಿಯ ವಿಷಯ ನಾನು ಹೇಳುತ್ತೇನೆ. ನಾನು ವಕೀಲೆ; ದಿನಾ ಉತ್ತರಾಧಿಕಾರದ ಜಗಳಗಳನ್ನು ನೋಡುವವಳಿಗೆ ಈ ಡಚ್ ಕಾನೂನು ಓದುವಾಗ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ.

ಅಲ್ಲಿನ ದಾಂಪತ್ಯದಲ್ಲಿ ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ ಆಸ್ತಿಯೂ ಇಬ್ಬರದು, ಸಾಲವೂ ಇಬ್ಬರದು. ಗಂಡ ಸತ್ತರೆ ಅರ್ಧ ಅವಳದೇ. ಅದು ಗಂಡನ ಕಡೆಯವರು ದಯಪಾಲಿಸಿದ್ದಲ್ಲ. ಆದರೆ ಬಾಕಿಗಳೂ ಅದರ ಜೊತೆಗೇ ಬರುತ್ತವೆ. ಇಲ್ಲಿ ಅವಳಿಗೆ ಮೂರು ದಾರಿ. ಎಲ್ಲವನ್ನೂ ಒಪ್ಪಿಕೊಂಡು ಅಂಗಡಿ ಮುಂದುವರಿಸುವುದು ಒಂದು. ಮೊದಲು ಮನೆಯ ಚಮಚದಿಂದ ಹಿಡಿದು ಎಲ್ಲವನ್ನೂ ಪಟ್ಟಿ ಮಾಡಿಸಿ, ಆ ಪಟ್ಟಿಯ ಬೆಲೆಯ ಮಟ್ಟಿಗೆ ಮಾತ್ರ ಸಾಲಕ್ಕೆ ಬಾಧ್ಯಳಾಗುವುದು ಇನ್ನೊಂದು. ಮೂರನೆಯದು ಪೂರ್ತಿ ಬಿಟ್ಟುಕೊಡುವುದು. ಹಳೆಯ ಡಚ್ ಪದ್ಧತಿಯಲ್ಲಿ ಅದಕ್ಕೊಂದು ವಿಧಿಯೇ ಇತ್ತು: ಮನೆಯ ಬೀಗದ ಕೈಯನ್ನು ಗಂಡನ ಶವಪೆಟ್ಟಿಗೆಯ ಮೇಲೆ ಇಟ್ಟು, ಮೈಮೇಲಿನ ಬಟ್ಟೆಯಲ್ಲೇ, ಅದೂ ಎರವಲು ತಂದ ಬಟ್ಟೆಯಲ್ಲಿ, ಶವದ ಮುಂದೆ ನಡೆದು ಮನೆಯಿಂದ ಹೊರಟುಬಿಡುವುದು. ಆಮೇಲೆ ಸಾಲ ಕೊಟ್ಟವರು ಆ ಮನೆಯನ್ನು ಏನಾದರೂ ಮಾಡಿಕೊಳ್ಳಲಿ, ಅವಳನ್ನು ಮುಟ್ಟುವಂತಿಲ್ಲ. ಅವಮಾನವೇನೋ ಹೌದು. ಆದರೆ ಲೆಕ್ಕ ಅಲ್ಲಿಗೆ ಕಡಿಯಿತು.

ಮರುಮದುವೆ ಆಗುವ ವಿಧವೆ ಮೊದಲ ಗಂಡನ ಮಕ್ಕಳ ಪಾಲನ್ನು ಗೊತ್ತುಮಾಡಿ ಬರೆದುಕೊಡಬೇಕಿತ್ತು. ನ್ಯೂ ಆಮ್‌ಸ್ಟರ್‌ಡ್ಯಾಮ್‌ನಲ್ಲಿ (ಇಂದಿನ ನ್ಯೂಯಾರ್ಕ್ ನಗರ) 1650ರ ದಶಕದ ನಡುವಿನಿಂದ ಅನಾಥ ಮಕ್ಕಳ ಆಸ್ತಿಯನ್ನು ನೋಡಿಕೊಳ್ಳುವ ಅಧಿಕಾರಿಗಳೇ ಇದ್ದರು. ಹೊಸ ಗಂಡ ಹಳೆಯ ಖಾತೆಗಳಲ್ಲಿ ಕೈಯಾಡಿಸುವ ಮೊದಲು ಇವರ ಮುಂದೆ ಪುಸ್ತಕ ತೆರೆಯಬೇಕು.

ಜಾಮೀನಿನ ವಿಷಯವೂ ಇಲ್ಲಿ ಬರುತ್ತದೆ. ರೋಮನ್ ಕಾನೂನಿನಿಂದ ಬಂದ ಒಂದು ರಕ್ಷಣೆ ಡಚ್ಚರಲ್ಲಿ ಉಳಿದಿತ್ತು: ಹೆಂಗಸು ಇನ್ನೊಬ್ಬರ ಸಾಲಕ್ಕೆ ಜಾಮೀನು ನಿಂತರೆ ಅದು ಅವಳನ್ನು ಕಟ್ಟಿಹಾಕುವುದಿಲ್ಲ. ಸಾಲ ಕೊಡುವವರು ಬಿಡುತ್ತಾರೆಯೇ? ನೋಟರಿ ಬರೆದ ಪತ್ರದಲ್ಲೇ ‘ಈ ರಕ್ಷಣೆಯನ್ನು ನಾನು ತಿಳಿದು ಬಿಟ್ಟುಕೊಟ್ಟಿದ್ದೇನೆ’ ಎಂದು ಅವಳಿಂದ ರುಜು ಹಾಕಿಸಿಕೊಳ್ಳುತ್ತಿದ್ದರು. ಗಂಡಸು ಜಾಮೀನುದಾರನಿಗೂ ‘ಮೊದಲು ಸಾಲ ಪಡೆದವನ ಆಸ್ತಿ ಮುಟ್ಟಿ, ಆಮೇಲೆ ನನ್ನ ಬಳಿ ಬನ್ನಿ’ ಎನ್ನುವ ಹಕ್ಕಿತ್ತು. ಅದನ್ನೂ ಹೀಗೆಯೇ ಬರೆಸಿಕೊಂಡು ಕಿತ್ತುಕೊಳ್ಳುತ್ತಿದ್ದರು. ಕಾನೂನು ಕೊಟ್ಟ ರಕ್ಷಣೆಯನ್ನು ಅಚ್ಚುಕಟ್ಟಾದ ಒಂದು ವಾಕ್ಯದಲ್ಲಿ ಕಳಚುವ ವಿದ್ಯೆ ನಮ್ಮ ವೃತ್ತಿಯವರಿಗೆ ಆಗಲೂ ಬರುತ್ತಿತ್ತು.

ತಾನೇ ವ್ಯಾಪಾರ ಮಾಡುವ ಹೆಂಗಸಿನ ಸ್ಥಾನ ಬೇರೆ. ತನ್ನ ವ್ಯಾಪಾರದ ಮಟ್ಟಿಗೆ ಅವಳ ರುಜು ಅವಳನ್ನು ಕಟ್ಟುತ್ತದೆ, ಅವಳು ದಾವೆಯನ್ನೂ ಹೂಡಬಹುದು. ನ್ಯೂ ಆಮ್‌ಸ್ಟರ್‌ಡ್ಯಾಮ್‌ನ ಮಾರ್ಗರೀಟಾ ಹಾರ್ಡೆನ್‌ಬ್ರೂಕ್ 1661ರಲ್ಲಿ ಮೊದಲ ಗಂಡ ಸತ್ತ ಮೇಲೆ ಅವನ ವ್ಯಾಪಾರವನ್ನು ಕೈಗೆತ್ತಿಕೊಂಡಳು, 1662ರಲ್ಲಿ ಫ್ರೆಡರಿಕ್ ಫಿಲಿಪ್ಸೆಯನ್ನು ಮದುವೆಯಾದ ಮೇಲೂ ಬಿಡಲಿಲ್ಲ. 1679ರಲ್ಲಿ ಅವಳ ಹಡಗಿನಲ್ಲಿ ಪ್ರಯಾಣ ಮಾಡಿದ ಯಾಸ್ಪರ್ ಡಾಂಕರ್ಟ್ಸ್ ಎಂಬ ಧಾರ್ಮಿಕ ಪ್ರವಾಸಿ ತನ್ನ ದಿನಚರಿಯಲ್ಲಿ ಅವಳ ಜಿಪುಣತನವನ್ನು ಬೈದು ಬರೆದಿದ್ದಾನೆ: ನೀರಿಗೆ ಬಿದ್ದ ನೆಲ ಒರೆಸುವ ಕೋಲೊಂದಕ್ಕಾಗಿ ದೋಣಿ ಇಳಿಸಿ ಹುಡುಕಿಸಿದಳಂತೆ. ನನಗಂತೂ ಆಕೆಯ ಮೇಲೆ ಗೌರವ ಹೆಚ್ಚಾಯಿತು. ಆ ಕೋಲೂ ಯಾವುದೋ ಪುಸ್ತಕದಲ್ಲಿ ಖರ್ಚಿನ ಬದಿಯಲ್ಲಿತ್ತಲ್ಲ.

ಕಹಿಬೇವು (ಉತ್ತರ)

ಮೇಲಿನ ಉತ್ತರ ಓದಿದರೆ ಬೆವರ್‌ವೈಕ್ ಎಂದರೆ ಎಲ್ಲರೂ ಕೂತು ನಗುನಗುತ್ತಾ ಲೆಕ್ಕ ಮಾಡಿಕೊಳ್ಳುತ್ತಿದ್ದ ಊರು ಎನಿಸುತ್ತದೆ. ಮೇಲ್ದಂಡೆಯವರೇ, ಕೂತು ಮಾತಾಡಲು ಬಾರದವನನ್ನು ಏನು ಮಾಡುತ್ತಿದ್ದರು ಎಂಬುದನ್ನು ನೀವು ಬಿಟ್ಟಿದ್ದೀರಿ.

ಸಾಲಪತ್ರದ ಒಕ್ಕಣೆಯನ್ನೇ ನೋಡಿ. ತನ್ನ ದೇಹವನ್ನೂ, ಸ್ಥಿರ ಚರ ಆಸ್ತಿಯನ್ನೂ, ಈಗ ಇರುವುದನ್ನೂ ಮುಂದೆ ಬರುವುದನ್ನೂ, ಯಾವುದನ್ನೂ ಹೊರತುಪಡಿಸದೆ, ಎಲ್ಲ ನ್ಯಾಯಾಲಯಗಳ ವಶಕ್ಕೆ ಒತ್ತೆ ಇಡುತ್ತೇನೆ. ದೇಹವನ್ನೂ! ಇದು ಅಲಂಕಾರದ ಮಾತಲ್ಲ. ನ್ಯಾಯಾಲಯದ ಜವಾನ ಬಂದು ಕರೆದು ಹೋಗುತ್ತಾನೆ. ಮೊದಲ ಗೈರುಹಾಜರಿ, ಎರಡನೆಯದು, ಮೂರನೆಯದು. ಅಲ್ಲಿಗೆ ಎದುರುವಾದವಿಲ್ಲದೆ ತೀರ್ಪು. ತೀರ್ಪಾದ ಮೇಲೂ ಕೊಡದಿದ್ದರೆ ಸಾಮಾನು ಜಪ್ತಿ, ಹರಾಜು. ಅದಕ್ಕೂ ಬಗ್ಗದವನನ್ನು ಹೋಟೆಲಿನಲ್ಲೋ ಅಧಿಕಾರಿಗಳು ಹೇಳಿದ ಕಟ್ಟಡದಲ್ಲೋ ಅವನದೇ ಖರ್ಚಿನಲ್ಲಿ ಕೂಡಿಡುವ ಪದ್ಧತಿ ಹಾಲೆಂಡಿನಿಂದಲೇ ಬಂದಿತ್ತು. ಅಲ್ಲಿ ಉಳಿದ ಪ್ರತಿ ದಿನದ ಊಟದ ಬಿಲ್ಲು ಹೊಸ ಸಾಲ.

ಬಡ್ಡಿ ಇರಲಿಲ್ಲ ಎಂದೂ ತಿಳಿಯಬೇಡಿ. ಅಂಗಡಿಯ ಉದ್ರಿಗೆ ಬಡ್ಡಿ ಕಾಣುವುದಿಲ್ಲ, ಏಕೆಂದರೆ ಅದು ಬೆಲೆಯಲ್ಲೇ ಕೂತಿರುತ್ತದೆ. ಕೈಸಾಲಕ್ಕೆ ನೂರಕ್ಕೆ ಹತ್ತು ಮಾಮೂಲು. ಚರ್ಚಿನ ಬಡವರ ನಿಧಿಯನ್ನು ನೋಡಿಕೊಳ್ಳುವ ಧರ್ಮಾಧಿಕಾರಿಗಳೂ ಹತ್ತರ ಬಡ್ಡಿಗೆ ಊರಿನವರಿಗೆ ಸಾಲ ಕೊಡುತ್ತಿದ್ದರು. ಶವಕ್ಕೆ ಹೊದಿಸುವ ಬಟ್ಟೆಯನ್ನು ಬಾಡಿಗೆಗೆ ಕೊಟ್ಟದ್ದೂ ಅವರ ಜಮೆಯಲ್ಲಿದೆ. ಬಡವರಿಗೆ ರೊಟ್ಟಿ ಸಿಕ್ಕಿದ್ದು ಆ ಬಡ್ಡಿಯಿಂದ ಎಂಬುದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಇನ್ನು ಮೂರು ಗಿಲ್ಡರ್‌ಗಳ ಆಟ. ಅದರಲ್ಲಿ ಸೋಲುತ್ತಿದ್ದವರು ಯಾರು? ಕೂಲಿ, ಸಂಬಳ ಪಡೆಯುವವರು. ಅವರ ಕೈಗೆ ಬಂದದ್ದು ಸೇವಾಂಟ್, ಆಮದು ಸರಕಿಗೆ ವ್ಯಾಪಾರಿ ಕೇಳಿದ್ದು ಬೀವರ್. 1657ರ ಬೇಸಿಗೆಯಲ್ಲಿ ಫೋರ್ಟ್ ಆರೆಂಜ್‌ನಿಂದ ಸುಮಾರು 40,000 ಬೀವರ್ ಮತ್ತು ನೀರುನಾಯಿ ಚರ್ಮಗಳು ಕೆಳಗೆ ನ್ಯೂ ಆಮ್‌ಸ್ಟರ್‌ಡ್ಯಾಮ್‌ಗೆ ಹೋದವು. ಆಮೇಲೆ ಚರ್ಮಗಳ ಸಂಖ್ಯೆ ಇಳಿಯಿತು, ಚಲಾವಣೆಯ ಮಣಿಗಳ ಸಂಖ್ಯೆ ಏರಿತು. 1660ರ ದಶಕದಲ್ಲಿ ಸೇವಾಂಟ್ ಗಿಲ್ಡರ್ ಹಾಲೆಂಡಿನ ಗಿಲ್ಡರ್‌ನ ಮೂರರಲ್ಲಿ ಒಂದು, ನಾಲ್ಕರಲ್ಲಿ ಒಂದು ಎನ್ನುವ ಮಟ್ಟಕ್ಕೆ ಬಿತ್ತು. ಹಳೆಯ ಸಾಲ ಬೀವರ್‌ನಲ್ಲಿ ಬರೆದುಕೊಟ್ಟಿದ್ದವನು ಆ ಇಳಿತದಲ್ಲಿ ಹೇಗೆ ತೀರಿಸಿದನೋ ಯೋಚಿಸಿ. ‘ಕೂತು ಲೆಕ್ಕ ಮಾಡಿಕೊಳ್ಳಿ’ ಎಂಬುದು ಇಬ್ಬರೂ ಸಮಬಲದವರಾಗಿದ್ದಾಗ ಚೆನ್ನ.

ಕಂಪನಿಯ ಸಿಪಾಯಿಗಳದು ಇನ್ನೊಂದು ಕಥೆ. ಸಂಬಳದ ಬಾಕಿ ಕಂಪನಿಯ ಪುಸ್ತಕದಲ್ಲಿ, ಪುಸ್ತಕ ತೀರುವುದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಮನುಷ್ಯ ಇರುವುದು ಹಡ್ಸನ್ ದಂಡೆಯಲ್ಲಿ. ಆದ್ದರಿಂದ ನೋಟರಿ ಬಳಿ ಅಧಿಕಾರಪತ್ರ ಬರೆಸಿ, ಅಲ್ಲಿ ಹೋಗುವವನಿಗೆ ಕೊಟ್ಟು, ಅವನು ವಸೂಲು ಮಾಡಲಿ ಎಂದು ಕಾಯಬೇಕು. ಕೈಯಲ್ಲಿ ಕಾಸಿಲ್ಲದವನು ಆ ಬಾಕಿಯನ್ನೇ ಊರಿನ ವ್ಯಾಪಾರಿಗೆ ಒಪ್ಪಿಸಿ ಸರಕು ಪಡೆಯುತ್ತಿದ್ದ. ಪೂರ್ತಿ ಬೆಲೆಗೆ ಕೊಂಡವರು ಯಾರಾದರೂ ಇದ್ದರೆ ನನಗೆ ತೋರಿಸಿ.

ಕಡತಪ್ರಿಯ

ಮೂವರಿಗೂ ಧನ್ಯವಾದ. ಮೇಲ್ದಂಡೆಯವರ ಬಿಯರ್ ಲೆಕ್ಕವನ್ನು ಬಿಟ್ಟು ಏಳಲು ಮನಸ್ಸಾಗಲಿಲ್ಲ, ವೃತ್ತಿಯ ಚಟ. ಉಳಿದ ಆ 36 ಬೀವರ್ ಗಿಲ್ಡರನ್ನು ಸೇವಾಂಟ್‌ನಲ್ಲಿ ತೀರಿಸುವುದಾದರೆ 15ಕ್ಕೆ 22ರ ದರದಲ್ಲಿ 52 ಗಿಲ್ಡರ್ 16 ಸ್ಟೈವರ್ ಆಗುತ್ತದೆ, ಒಂದು ಚೂರೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಂದರೆ 1,056 ಸ್ಟೈವರ್. ಸ್ಟೈವರಿಗೆ ಎಂಟರಂತೆ 8,448 ಬಿಳಿ ಮಣಿ. ಇಷ್ಟನ್ನು ಯಾರು ಕೂತು ಎಣಿಸುತ್ತಿದ್ದರು?

ಕಹಿಬೇವು ಅವರ ಆಕ್ಷೇಪ ನನಗೆ ಒಪ್ಪಿಗೆ, ಆದರೆ ಅದು ಮೊದಲ ಉತ್ತರವನ್ನು ಹುಸಿಯಾಗಿಸುವುದಿಲ್ಲ ಎಂದು ನನ್ನ ಎಣಿಕೆ. ಬಲವಂತ ಶುರುವಾಗುವುದು ರುಜು ಬಿದ್ದ ಬಾಕಿಯ ಮೇಲೆ. ಅದಕ್ಕೂ ಮುಂಚೆ ಆ ಬಾಕಿ ಹುಟ್ಟಬೇಕು.

ಎರಡು ಉಪಪ್ರಶ್ನೆಗಳು. ಚರ್ಮ ತರುತ್ತಿದ್ದ ಮೂಲನಿವಾಸಿಗಳಿಗೂ ಉದ್ರಿ ಇತ್ತೇ? ಮತ್ತು 1664ರಲ್ಲಿ ಇಂಗ್ಲಿಷರು ವಸಾಹತನ್ನು ಹಿಡಿದಾಗ ತೆರೆದಿದ್ದ ಈ ಸಾವಿರಾರು ಖಾತೆಗಳು ಏನಾದವು? ರಾಜ ಬದಲಾದರೆ ಸಾಲ ಮನ್ನಾ ಎಂದು ಆಸೆಪಟ್ಟವರು ಖಂಡಿತ ಇದ್ದಿರಬೇಕು.

ನದಿಯ ಮೇಲ್ದಂಡೆ

ದೊಡ್ಡ ಮೊತ್ತವನ್ನು ಎಣಿಸುತ್ತಿರಲಿಲ್ಲ, ಪೋಣಿಸಿದ ಸರವನ್ನು ಮಾರು ಹಾಕಿ ಅಳೆಯುತ್ತಿದ್ದರು. ಅಳೆಯುವವನ ತೋಳು ಎಷ್ಟುದ್ದ ಎಂಬುದರ ಮೇಲೆ ಇನ್ನೊಂದು ಜಗಳ. ಬಿಡಿ ಮಣಿಯ ಬಗ್ಗೆ ಸರ್ಕಾರಕ್ಕೆ ಅಷ್ಟು ಸಿಟ್ಟಿದ್ದದ್ದು ಇದೇ ಕಾರಣಕ್ಕೆ.

ಕಹಿಬೇವು ಅವರು ಹೇಳಿದ್ದರಲ್ಲಿ ಸಂಬಳದ ಬಾಕಿಯ ಮಾತಿಗೆ ನನ್ನ ಪೂರ್ತಿ ಸಹಮತ. ಆದರೆ ಚಿಕ್ಕವರು ಯಾವಾಗಲೂ ಸೋಲುತ್ತಿದ್ದರು ಎಂಬುದಕ್ಕಿಲ್ಲ. ಸೇವಾಂಟ್ ಬೀಳುತ್ತಿದ್ದಾಗ ಸೇವಾಂಟ್‌ನಲ್ಲಿ ಬರೆದ ಹಳೆಯ ಸಾಲ ತೀರಿಸುವವನಿಗೆ ಹಬ್ಬ. ಅದಕ್ಕೇ ದೊಡ್ಡವರು ಸಾಲಪತ್ರದಲ್ಲಿ ಅಷ್ಟು ಹಟ ಹಿಡಿದು ‘ಎಂಟು ಗಿಲ್ಡರ್‌ನಂತೆ ಬೀವರ್’ ಎಂದು ಬರೆಸುತ್ತಿದ್ದದ್ದು. ಬರೆಸಲು ಮರೆತವನ ಗೋಳನ್ನು ನೀವು ನಡಾವಳಿಯಲ್ಲಿ ಓದುತ್ತೀರಿ.

ಮೂಲನಿವಾಸಿಗಳಿಗೆ ಉದ್ರಿ ಇತ್ತು, ಅದರ ಅತ್ಯಂತ ಚೆಂದದ ಸಾಕ್ಷಿ ಸ್ವಲ್ಪ ಮುಂದಿನ ಕಾಲದ್ದು. ಆಲ್ಬನಿಯ ಎವರ್ಟ್ ವೆಂಡೆಲ್ ಎಂಬ ವ್ಯಾಪಾರಿಯ 1695ರಿಂದ 1726ರವರೆಗಿನ ಪುಸ್ತಕ ಉಳಿದಿದೆ. ಇಂಗ್ಲಿಷ್ ಆಡಳಿತ ಬಂದು ಮೂವತ್ತು ವರ್ಷ ದಾಟಿದ್ದರೂ ಬರೆದಿರುವುದು ಡಚ್ ಭಾಷೆಯಲ್ಲೇ. ಗಿರಾಕಿಗಳ ಖಾತೆಯ ಬಳಿ ಪ್ರಾಣಿಗಳ ಗುರುತು, ಹಚ್ಚೆ ಹಾಕಿದ ಮುಖಗಳ ಚಿತ್ರ. ರುಜುವಿನ ಜಾಗದಲ್ಲಿ ಮುಖವೇ ಇದೆ. ಗಿರಾಕಿಗಳಲ್ಲಿ ಹೆಂಗಸರೂ ಸಾಕಷ್ಟಿದ್ದಾರೆ, ತಮ್ಮದೇ ಖಾತೆ ಇಟ್ಟುಕೊಂಡವರು. ತೀರಿದ ಖಾತೆಗೆ ಅಡ್ಡಗೆರೆ ಎಳೆದಿದೆ, ಎಷ್ಟೋ ಖಾತೆಗಳಿಗೆ ಗೆರೆಯೇ ಬಿದ್ದಿಲ್ಲ. ಅವರನ್ನು ಹಿಡಿದು ತರಲು ಯಾವ ಜವಾನನೂ ಕಾಡಿಗೆ ಹೋಗುವಂತಿರಲಿಲ್ಲ; ಮುಂದಿನ ಋತುವಿನಲ್ಲೂ ಅವರು ನಮ್ಮ ಅಂಗಡಿಗೇ ಬರಲಿ ಎಂಬುದೊಂದೇ ವೆಂಡೆಲ್‌ನ ಜಾಮೀನು.

1664ರ ವಿಷಯ. ನಿಮ್ಮ ಮನ್ನಾ ಆಸೆಯವರಿಗೆ ನಿರಾಶೆ. ಸ್ಟೈವೆಸಂಟ್ ವಸಾಹತನ್ನು ಒಪ್ಪಿಸಿದ ಶರತ್ತುಗಳಲ್ಲಿ ಆ ದಿನಕ್ಕೆ ಮುಂಚೆ ಆದ ಕರಾರು, ವ್ಯವಹಾರಗಳ ವ್ಯಾಜ್ಯವನ್ನು ಡಚ್ ರೀತಿಯಲ್ಲೇ ತೀರ್ಮಾನಿಸಬೇಕು ಎಂದಿದೆ. ಉತ್ತರಾಧಿಕಾರದಲ್ಲಿ ಡಚ್ಚರು ತಮ್ಮ ರೂಢಿಯನ್ನೇ ಉಳಿಸಿಕೊಳ್ಳಬಹುದು ಎಂದೂ ಇದೆ. ಕರಿಕೋಟಿನಾಕೆ ಹೇಳಿದ ವಿಧವೆಯ ಅರ್ಧ ಪಾಲು ಕೂಡಲೇ ಮಾಯವಾಗಲಿಲ್ಲ. ಆಲ್ಬನಿಯ ನೋಟರಿಗಳು ಆ ನಂತರವೂ ಅದೇ ಒಕ್ಕಣೆಯಲ್ಲಿ, ಅದೇ ಎಂಟು ಗಿಲ್ಡರ್‌ನ ಬೀವರ್‌ನಲ್ಲಿ ಸಾಲಪತ್ರ ಬರೆದರು. ರೆನ್ಸೆಲಾರ್ಸ್‌ವೈಕ್ ಜಮೀನುದಾರಿಯ ಯೆರೆಮಿಯಾಸ್ ವಾನ್ ರೆನ್ಸೆಲಾರ್ 1674ರಲ್ಲಿ ತೀರಿಕೊಂಡಾಗ ಅವನ ಹೆಂಡತಿ ಮರಿಯಾ ಕೀ ಇಟ್ಟು ಹೊರಡಲಿಲ್ಲ. ಆ ಜಮೀನುದಾರಿಯನ್ನೂ, ಹಾಲೆಂಡಿನಲ್ಲಿದ್ದ ಮೈದುನರ ಜೊತೆಗಿನ ಇತ್ಯರ್ಥವಾಗದ ಲೆಕ್ಕವನ್ನೂ ತಾನೇ ಹೊತ್ತು, ವರ್ಷಗಟ್ಟಲೆ ಪತ್ರ ಬರೆದಳು. ಆ ಪತ್ರಗಳು ಅನುವಾದಗೊಂಡಿವೆ. ನಿಮ್ಮಂಥ ಓದುಗರಿಗೆ ನಡಾವಳಿಗಿಂತ ಅವೇ ಹೆಚ್ಚು ಹಿಡಿಸಬಹುದು, ಓದಿ ನೋಡಿ.

ಕಂಪನಿಯಿಂದಲೇ ಹಣ ಬರಬೇಕಾದವರ ಪರವಾಗಿಯೂ ಅದೇ ಶರತ್ತುಗಳಲ್ಲಿ ಒಂದು ಕಲಮು ಇದೆ. ಕಂಪನಿ ಇಲ್ಲಿಯವರಿಗೆ ನಿಜವಾಗಿ ಬಾಕಿ ಇದ್ದದ್ದು ಕಂಡುಬಂದರೆ, ನೆದರ್‌ಲ್ಯಾಂಡ್‌ಗೆ ಹೋಗುವ ಹಡಗುಗಳ ಮೇಲಿನ ಸುಂಕವನ್ನು ಇನ್ನೂ ಆರು ತಿಂಗಳು ಮುಂದುವರಿಸಬೇಕು. ಮರುವರ್ಷ ಯುದ್ಧ ಶುರುವಾಯಿತು. ಇಂಗ್ಲಿಷ್ ಗವರ್ನರ್ ರಿಚರ್ಡ್ ನಿಕೋಲ್ಸ್ ಕಂಪನಿಯ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡರು, ಕಂಪನಿಗೆ ಯಾರಾದರೂ ಕೊಡಬೇಕಿದ್ದ ಸಾಲಗಳೂ ಅದರೊಳಗೇ ಸೇರಿದವು.